ಪ್ರೊಕಾಪನ ಐನೂರನೆಯ ಕಾರ್ಡು

ಓಸ್ತ್ರೋವ್, ಸಸ್ಕ್ಯಾಚೆವಾನ್
ಜನವರಿ 18, 2009

ಶ್ರೀಮತಿ ರೂನಾ ಸಿಗುರ್ಡ್‌ಸನ್ ಅವರಿಗೆ,

ನಾನು ವರ್ನಾಳ ಗಂಡ. ನಿಮ್ಮ ವಿಳಾಸ ಅವಳ ಮೇಜಿನಲ್ಲಿದ್ದ ಹಳೆಯ ಲಕೋಟೆಗಳ ಮೇಲಿತ್ತು. ನೀವಿಬ್ಬರೂ ಐಸ್ ಹಾಕಿ ಆಟಗಾರ ಲೈಲ್ ಪ್ರೊಕಾಪನ ಚಿತ್ರವಿರುವ ಕಾರ್ಡುಗಳನ್ನು ಟಪಾಲಿನಲ್ಲಿ ಅದಲು ಬದಲು ಮಾಡಿಕೊಳ್ಳುತ್ತಿದ್ದಿರಿ, ಆಮೇಲೆ ನಿಲ್ಲಿಸಿದಿರಿ ಎಂಬಷ್ಟು ಗೊತ್ತು. ಏಕೆ ನಿಲ್ಲಿಸಿದಿರೋ ಗೊತ್ತಿಲ್ಲ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ವರ್ನಾ ನವೆಂಬರಿನಲ್ಲಿ ತೀರಿಕೊಂಡಳು. ಈಗ ನೆಲ ಹೆಪ್ಪುಗಟ್ಟಿ ಕಬ್ಬಿಣದ ಹಾಗಿದೆ. ಅವಳ ಬೂದಿಯ ಪಾತ್ರೆ ಊಟದ ಮನೆಯ ಕಪಾಟಿನ ಮೇಲಿದೆ. ಮಣ್ಣು ಕರಗಿದ ಮೇಲೆ, ಮೇ ತಿಂಗಳಲ್ಲಿ, ಅವಳ ತಾಯಿಯ ಪಕ್ಕದಲ್ಲಿ ಹೂಳಬೇಕು.

ನಾನು ಧಾನ್ಯ ತುಂಬಿಡುವ ಎಲಿವೇಟರ್ ಗೋದಾಮಿನಲ್ಲಿ ಕೆಲಸ ಮಾಡಿದವನು. ಹಾಕಿ ಆಟ ನೋಡುತ್ತೇನೆ, ಕಾರ್ಡುಗಳ ವಿಷಯ ತಿಳಿಯದು. ಅಂಥ ದೊಡ್ಡ ದೊಡ್ಡ ಆಟಗಾರರನ್ನೆಲ್ಲ ಬಿಟ್ಟು ಬದಲಿ ಗೋಲ್‌ಕೀಪರೊಬ್ಬನನ್ನು ಏಕೆ ಹಿಡಿದೆ ಎಂದು ಒಮ್ಮೆ ಕೇಳಿದ್ದೆ. "ಆಡೋರನ್ನ ಎಲ್ಲರೂ ನೋಡ್ತಾರೆ ಒರೆಸ್ಟ್. ಬೆಂಚಿನ ಬಾಗಿಲು ತೆಗೆದು ಅವರನ್ನ ಒಳಗೆ ಬಿಟ್ಕೊಳ್ತಾನಲ್ಲ, ಅವನನ್ನೂ ಯಾರಾದ್ರೂ ನೋಡ್ಬೇಕಲ್ವಾ?" ಎಂದಿದ್ದಳು.

ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು ಹೇಳಿದ್ದು ಇದು: "ಇನ್ನು ಮೂರೇ ಬಾಕಿ. ಮೂರು ಸಿಕ್ಕಿಬಿಟ್ರೆ ಐನೂರು." ಹೂಳುವ ಮೊದಲು ಆ ಐನೂರು ಆಗಬೇಕೆಂದು ನನಗೆ ಆಸೆ. ಆದರೆ ನನ್ನ ಎಣಿಕೆಗೆ ಒಂಬತ್ತು ಕಡಿಮೆ ಬರುತ್ತಿದೆ. ಔಷಧಿಯ ಮಂಪರಿನಲ್ಲಿ ಲೆಕ್ಕ ತಪ್ಪಿದಳೋ ಏನೋ. ಆರು ಚಿತ್ರಗಳು ಎರಡೆರಡು ಸಲ ಇದ್ದವು. ಹೆಚ್ಚಾದ ಆ ಆರನ್ನು ತೆಗೆದು ಇದರ ಜೊತೆಗೆ ಇಟ್ಟಿದ್ದೇನೆ. ಬದಲಿಗೆ ನಿಮ್ಮಲ್ಲಿ ಮಿಕ್ಕ ಕಾರ್ಡುಗಳೇನಾದರೂ ಇದ್ದರೆ ಕಳಿಸುವಿರಾ?

ತೊಂದರೆ ಕೊಡುತ್ತಿರುವ,
ಒರೆಸ್ಟ್ ಬಿಲಿಕ್


ಲಾರ್ಕ್‌ಫೋರ್ಡ್, ಮ್ಯಾನಿಟೋಬಾ
ಫೆಬ್ರವರಿ 2, 2009

ಬಿಲಿಕ್ ಅವರೇ,

ನಿಮ್ಮ ಹೆಂಡತಿ ಹೋದದ್ದು ಕೇಳಿ ಬೇಸರವಾಯಿತು. ಹಾಗೆ ಬರೆಯುವುದು ರೂಢಿ ಎಂದು ಬರೆಯುತ್ತಿಲ್ಲ. ಈ ಭೂಮಿಯ ಮೇಲೆ ಪ್ರೊಕಾಪನನ್ನು ಕೂಡಿಡುತ್ತಿದ್ದವರು ನಾವಿಬ್ಬರೇ. ಈಗ ಒಬ್ಬಳೇ ಉಳಿದೆ.

ನಿಮ್ಮ ಆರು ಕಾರ್ಡುಗಳನ್ನು ಹಾಗೇ ಹಿಂದಕ್ಕೆ ಕಳಿಸುತ್ತಿದ್ದೇನೆ. ಅವು ಹೆಚ್ಚಿನವಲ್ಲ. ತಿರುಗಿಸಿ ನೋಡಿ. ಪ್ರತಿ ಜೋಡಿಯಲ್ಲೂ ಒಂದರ ಹಿಂದೆ ಬರೀ ಇಂಗ್ಲಿಷ್ ಇದೆ, ಇನ್ನೊಂದರ ಹಿಂದೆ ಫ್ರೆಂಚೂ ಇದೆ. ಮೊದಲಿನದು ಗಡಿಯಾಚೆ ಅಚ್ಚಾದದ್ದು, ಎರಡನೆಯದು ಎರಡು ಭಾಷೆಯ ನಮ್ಮ ದೇಶದ್ದು. ಮುಖ ಒಂದೇ, ಕಾರ್ಡು ಬೇರೆ. ಬೆಳಿಗ್ಗೆ ತಿಂಡಿಯ ಡಬ್ಬಿಯ ಮೇಲೆ ದಿನಾ ಎರಡು ಭಾಷೆ ಓದುವ ನೀವು ಇದನ್ನು ನೋಡದೆ ಹೋದಿರಲ್ಲ! ಇವುಗಳಲ್ಲಿ ಎರಡು ನನ್ನ ಬಳಿ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇಟ್ಟುಕೊಂಡಿದ್ದರೆ ನಿಮಗೆ ಗೊತ್ತಾಗುತ್ತಿರಲಿಲ್ಲ.

ವರ್ನಾಳ ಲೆಕ್ಕ ತಪ್ಪಿರಲಿಲ್ಲ. ಮೂರೇ ಬಾಕಿ.

ನನ್ನಲ್ಲಿ ಮಿಕ್ಕಿರುವುದನ್ನು ಕೊಡುವ ವಿಷಯ ಯೋಚಿಸಬೇಕು. ಅವಳು ಕಡೆಯದಾಗಿ ಬರೆದ ಪತ್ರದಲ್ಲಿ ನನ್ನನ್ನು ಒಂದು ಮಾತು ಕೇಳಿದ್ದಳು: "ಪ್ರೊಕಾಪ್ ನಮ್ಮ ಕಡೆಯ ಹುಡುಗ. ನನ್ನ ತವರಿನ ಹೊಲದಿಂದ ಅವನ ಮನೆಯ ದೀಪ ಕಾಣುತ್ತಿತ್ತು. ನಿಮಗೆ ಅವನು ಏನಾಗಬೇಕು?" ನಾನು ಉತ್ತರ ಬರೆಯಲಿಲ್ಲ.

ರೂನಾ ಸಿಗುರ್ಡ್‌ಸನ್


ಓಸ್ತ್ರೋವ್
ಫೆಬ್ರವರಿ 20, 2009

ಶ್ರೀಮತಿ ಸಿಗುರ್ಡ್‌ಸನ್ ಅವರೇ,

ನಿಮ್ಮ ಪತ್ರವನ್ನು ನಿಂತುಕೊಂಡೇ ಓದಿದೆ. "ವರ್ನಾಳ ಲೆಕ್ಕ ತಪ್ಪಿರಲಿಲ್ಲ" ಎಂಬ ಸಾಲು ಬಂದಾಗ ಕುಳಿತೆ. ಕೊನೆಯ ಆ ವಾರ ಅವಳು ಹೇಳಿದ್ದರಲ್ಲಿ ಯಾವುದು ಅವಳದು, ಯಾವುದು ಔಷಧಿಯದು ಎಂದು ಚಳಿಗಾಲವೆಲ್ಲ ಬೇರ್ಪಡಿಸುತ್ತ ಕುಳಿತಿದ್ದೆ. ಒಂದಾದರೂ ಅವಳದೇ ಎಂದು ಗೊತ್ತಾಯಿತು. ಆರನ್ನೂ ಅವುಗಳ ಜಾಗಕ್ಕೆ ಹಾಕಿದೆ.

ಬೆಳಿಗ್ಗೆ ಊರಿನ ಸಹಕಾರಿ ಅಂಗಡಿಯಲ್ಲಿ ಕಾಫಿಗೆ ಸೇರುವ ನಮ್ಮ ಗಂಡಸರಿಗೆ ಇದನ್ನು ಹೇಳಿದೆ. ಹೇಳಬಾರದಿತ್ತು. ಅವರಲ್ಲಿ ಕ್ಲಾರೆನ್ಸ್ ಎಂಬುವನು ಎಲ್ಲರಿಗೂ ಕೇಳುವ ಹಾಗೆ, "ನೋಡ್ರಪ್ಪಾ, ನಲವತ್ತು ವರ್ಷ ಗೋಧಿಯಲ್ಲಿ ಕಳೆ ಹುಡುಕಿ ಹುಡುಕಿ ತೆಗೆದೋನು, ಕಾರ್ಡು ತಿರುಗಿಸಿ ನೋಡೋಕೆ ಬರಲಿಲ್ವಂತೆ!" ಎಂದ. "ಫ್ರೆಂಚ್ ಕಂಡ್ರೆ ಅವನಿಗೆ ಕಣ್ಣು ಮುಚ್ಕೊಳ್ಳುತ್ತೆ ಬಿಡು," ಎಂದು ಇನ್ನೊಬ್ಬ. ನಾನೂ ನಕ್ಕೆ. ನವೆಂಬರಿನಿಂದ ಮೊದಲ ಸಲ ಇರಬೇಕು, ಏಕೆಂದರೆ ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

ವರ್ನಾಗೆ ನಾಲಿಗೆ ಹರಿತ. ನನ್ನ ಮೇಲೂ ಹರಿಯುತ್ತಿತ್ತು. ಅವಳ ಪರವಾಗಿ ಕ್ಷಮೆ ಕೇಳುವುದಿಲ್ಲ, ಅವಳಿಗೆ ಅದು ಇಷ್ಟವಾಗುವುದಿಲ್ಲ. ಆದರೆ ಅವಳು ಕೇಳಿದ ಪ್ರಶ್ನೆಯನ್ನೇ ನಾನು ಮೆತ್ತಗೆ ಕೇಳಬಹುದೇ? ನಿಮಗೆ ಅವನು ಏನಾಗಬೇಕು?

ವಿಶ್ವಾಸದಿಂದ,
ಒರೆಸ್ಟ್ ಬಿಲಿಕ್


ಲಾರ್ಕ್‌ಫೋರ್ಡ್
ಮಾರ್ಚ್ 29, 2009

ಬಿಲಿಕ್ ಅವರೇ,

ಬರೆಯಲು ತಡವಾಯಿತು. ನೀವು ಮೆತ್ತಗೆ ಕೇಳಿದ್ದರಿಂದಲೇ ತಡವಾಯಿತು.

ಲೈಲ್ ಪ್ರೊಕಾಪ್ ಹದಿನೇಳು ವರ್ಷದವನಿದ್ದಾಗ ಇಲ್ಲಿಯ ಜೂನಿಯರ್ ತಂಡಕ್ಕೆ ಬಂದ. ಊರಿನ ಮನೆಗಳವರು ಹೊರಗಿನಿಂದ ಆಡಲು ಬಂದ ಒಬ್ಬೊಬ್ಬ ಹುಡುಗನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಅವನು ನಮ್ಮ ಪಾಲಿಗೆ ಬಂದ. ಎರಡು ಚಳಿಗಾಲ ನಮ್ಮ ನೆಲಮಾಳಿಗೆಯಲ್ಲಿ ಮಲಗಿದ್ದ. ಒಂದು ಹೊತ್ತಿಗೆ ಆರು ಮೊಟ್ಟೆ ತಿನ್ನುತ್ತಿದ್ದ. ಸೋತು ಬಂದ ರಾತ್ರಿ ಮಾತಾಡದೆ ಪಾತ್ರೆ ತೊಳೆಯುತ್ತಿದ್ದ. ಗೆದ್ದ ದಿನ ತೊಳೆಯುತ್ತಿರಲಿಲ್ಲ. ಅವನು ಸೋಲಲಿ ಎಂದು ನಾನು ಬಯಸಲಿಲ್ಲ, ಆದರೆ ಪಾತ್ರೆಯ ಸದ್ದು ಕೇಳಿದರೆ ಮನೆಯಲ್ಲಿ ಮಗನಿದ್ದಾನೆ ಎನಿಸುತ್ತಿತ್ತು. ನಮಗೆ ಮಕ್ಕಳಿರಲಿಲ್ಲ. ದೊಡ್ಡ ತಂಡಕ್ಕೆ ಹೋದ ಮೇಲೆ ಎರಡು ಕ್ರಿಸ್‌ಮಸ್‌ಗೆ ಕಾಗದ ಬರೆದ. ಆಮೇಲೆ ಇಲ್ಲ. ಹುಡುಗರು ಹಾಗೇ, ಅದಕ್ಕೆ ನನಗೆ ಕೋಪವಿಲ್ಲ. ಕಾಗದ ಬರುವುದು ನಿಂತ ಮೇಲೆ ಕಾರ್ಡು ಕೂಡಿಡತೊಡಗಿದೆ. ಅವುಗಳಲ್ಲಿ ಅವನು ವರ್ಷಾವರ್ಷ ಸ್ವಲ್ಪ ದಪ್ಪಗಾಗುವುದು, ಮೂಗು ಮುರಿಯುವುದು, ಕೂದಲು ಹಿಂದೆ ಸರಿಯುವುದು ಎಲ್ಲ ಕಾಣುತ್ತಿತ್ತು.

ನಿಮ್ಮ ಹೆಂಡತಿಗೆ ಅವನು ತನ್ನ ಕಡೆಯ ಹುಡುಗ ಎಂಬ ಹೆಮ್ಮೆ ಇತ್ತು. ಅದನ್ನು ಕಿತ್ತುಕೊಳ್ಳುವ ಮನಸ್ಸು ನನಗೆ ಬರಲಿಲ್ಲ. ಕೋಪವೂ ಬಂದಿತ್ತು. ಎರಡೂ ಇತ್ತು.

ಇನ್ನು ವ್ಯವಹಾರ. ವರ್ನಾ ಹಿಂದೆ ಕಳಿಸಿದ್ದ ಪಟ್ಟಿಯ ಪ್ರಕಾರ ನಿಮ್ಮಲ್ಲಿಲ್ಲದ ಮೂರು ಕಾರ್ಡುಗಳು ನನ್ನ ಬಳಿ ಎರಡೆರಡು ಇವೆ. ಅದರಲ್ಲೊಂದು ಇಲ್ಲಿಯ ಪೊಲೀಸರು ಶಾಲೆ ಮಕ್ಕಳಿಗೆ ಹಂಚಿದ್ದು, ಅವನ ಎಲ್ಲಕ್ಕಿಂತ ಮೊದಲನೆಯ ಕಾರ್ಡು. ಹಿಂದೆ ಮಕ್ಕಳಿಗೊಂದು ಬುದ್ಧಿಮಾತು: "ಗೆಳೆಯರೇ, ತೆಳುವಾದ ಮಂಜುಗಡ್ಡೆಯ ಮೇಲೆ ಕಾಲಿಡಬೇಡಿ." ಅದು ಅಚ್ಚಾಗುವ ಹಿಂದಿನ ವಾರವಷ್ಟೇ ಅವನೇ ನದಿಯ ಮೇಲೆ ಕಾಲಿಟ್ಟು, ಸೊಂಟದವರೆಗೆ ನೆನೆದು, ಹಲ್ಲು ಕಟಕಟಿಸುತ್ತ ಮನೆಗೆ ಬಂದಿದ್ದ. ಪೊಲೀಸರಿಗೆ ಗೊತ್ತಾಗಿ ಬೇಕೆಂದೇ ಅವನ ಬಾಯಲ್ಲಿ ಅದನ್ನೇ ಹೇಳಿಸಿದರು!

ಮೂರನ್ನೂ ಕೊಡುತ್ತೇನೆ. ಬದಲಿಗೆ ನನಗೆ ವರ್ನಾಳ ಹಳದಿ ತಗಡು ಬೇಕು. ಅವನ ಒಂದು ಕಾರ್ಡನ್ನು ಅಚ್ಚು ಹಾಕಲು ಬಳಸಿದ ನಾಲ್ಕು ಬಣ್ಣದ ನಾಲ್ಕು ತಗಡುಗಳಲ್ಲಿ ಮೂರು ನನ್ನಲ್ಲಿವೆ. ಪ್ರಪಂಚದಲ್ಲಿ ಇರುವುದು ಒಂದೊಂದೇ, ಅವನ್ನೂ ನಾವು ಕಾರ್ಡಿನ ಲೆಕ್ಕಕ್ಕೇ ಸೇರಿಸುತ್ತೇವೆ. ನಾಲ್ಕೂ ಜೊತೆಗೆ ಇರಲಿ ಎಂದು ಅವಳನ್ನು ಕೇಳಿದ್ದಕ್ಕೇ ಅವಳು ಆ ಮಾತು ಬರೆದದ್ದು.

ರೂನಾ


ಓಸ್ತ್ರೋವ್
ಏಪ್ರಿಲ್ 14, 2009

ರೂನಾ ಅವರೇ,

ತಗಡು ಸಿಕ್ಕಿತು. ಹಳದಿಯೆಂದರೆ ಹಳದಿಯಲ್ಲ, ತವರದ ಬಣ್ಣ. ಅದರಲ್ಲಿ ಪ್ರೊಕಾಪ್ ನೆರಳಿನ ಹಾಗೆ ಕಾಣುತ್ತಾನೆ. ಅಡಿಗೆಮನೆಯ ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದೆ.

ಲೆಕ್ಕ ಹಾಕಿದೆ. ಕಾಫಿಯ ಗಂಡಸರೂ ಹಾಕಿದರು. "ಮೂರು ಬರುತ್ತೆ, ಒಂದು ಹೋಗುತ್ತೆ. ನಾನೂರ ತೊಂಬತ್ತೊಂಬತ್ತು!" ಎಂದು ಕ್ಲಾರೆನ್ಸ್ ಮೇಜು ಕುಟ್ಟಿದ. "ಆ ಹೆಂಗಸು ನಿನಗೆ ಟೋಪಿ ಹಾಕ್ತಿದಾಳೆ ಕಣಯ್ಯಾ. ನಾಲ್ಕು ಕೇಳು." ನಾನು, "ಅವರ ಹತ್ತಿರ ಇರೋದೇ ಮೂರು," ಎಂದೆ. "ಹಾಗಾದ್ರೆ ತಗಡು ಅರ್ಧ ಕತ್ತರಿಸಿ ಕೊಡು," ಎಂದ.

ವರ್ನಾ ಕೊಡುವುದಿಲ್ಲ ಎಂದದ್ದನ್ನು ನಾನು ಕೊಡುವುದು ಸರಿಯೇ ಎಂದು ಮೂರು ದಿನ ಯೋಚಿಸಿದೆ. ಪಾತ್ರೆ ತೊಳೆಯುವ ಹುಡುಗನ ವಿಷಯ ಅವಳಿಗೆ ಗೊತ್ತಿದ್ದರೆ ಅವಳೇ ಬೈಯುತ್ತ ಬೈಯುತ್ತ ಕಟ್ಟಿ ಕಳಿಸುತ್ತಿದ್ದಳು. ಅವಳನ್ನು ನಾನು ಬಲ್ಲೆ.

ತಗಡು ಇದರೊಂದಿಗಿದೆ. ಅವಳ ಬಳಿ ಏನೇನಿದೆ ಎಂಬುದನ್ನೂ ಬರೆದು ಇಟ್ಟಿದ್ದೇನೆ.

ಹೂಳುವುದನ್ನು ಜೂನ್‌ಗೆ ಹಾಕಿದ್ದೇನೆ. ಒಂದು ಬಾಕಿ ಇದೆಯಲ್ಲ.

ಒರೆಸ್ಟ್


ಲಾರ್ಕ್‌ಫೋರ್ಡ್
ಮೇ 6, 2009

ಒರೆಸ್ಟ್ ಅವರೇ,

ನಾಲ್ಕು ತಗಡುಗಳನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆಮೇಲೆ ಕಾಫಿ ಮಾಡಿಕೊಂಡು ಎದುರಿಗೆ ಕುಳಿತೆ. ಇಷ್ಟೇ ಬರೆಯಬಲ್ಲೆ.

ಮೂರು ಕಾರ್ಡುಗಳು ಇದರಲ್ಲಿವೆ. ಮಡಚದ ಹಾಗೆ ರಟ್ಟು ಇಟ್ಟಿದ್ದೇನೆ.

ಜೂನಿನಲ್ಲಿ ಯಾವ ದಿನ ಎಂದು ತಿಳಿಸಿ.

ರೂನಾ


ಓಸ್ತ್ರೋವ್
ಜುಲೈ 21, 2009

ರೂನಾ ಅವರೇ,

ಜೂನ್ ಆಗಲಿಲ್ಲ. ಮಳೆ ಇತ್ತು. ಆಮೇಲೆ ಪಾದ್ರಿಗಳು ರಜೆಯಲ್ಲಿದ್ದರು. ಆಮೇಲೆ ತೋಟದ ಕೆಲಸ. ವರ್ನಾ ಹಾಕುತ್ತಿದ್ದಷ್ಟೇ ಆಲೂಗಡ್ಡೆ ಹಾಕಿದ್ದೇನೆ, ಒಬ್ಬನಿಗೆ ಇಷ್ಟೇಕೆ ಎಂದು ಈಗ ಅನಿಸುತ್ತಿದೆ. ಆ ಒಂದು ಕಾರ್ಡೂ ಸಿಕ್ಕಿಲ್ಲ.

ವರ್ನಾಳ ತಂಗಿ ಎಲ್ಫ್ರೀಡಾ ಭಾನುವಾರ ಬಂದಿದ್ದಳು. ಕಪಾಟಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಇನ್ನೂ ಇಲ್ಲೇ ಇಟ್ಕೊಂಡಿದೀಯ?"

"ಒಂದು ಕಡಿಮೆ ಇದೆ, ಎಲ್ಫ್ರೀಡಾ."

"ಏನು ಕಡಿಮೆ? ನನ್ನ ಅಕ್ಕನನ್ನ ಸಕ್ಕರೆ ಡಬ್ಬಿ ಪಕ್ಕದಲ್ಲಿ ಇಟ್ಟುಕೊಂಡು ಒಂದು ಕಡಿಮೆ ಅಂತಾನೆ! ಅಮ್ಮನ ಪಕ್ಕ ಜಾಗ ಬಿಟ್ಟು ಇಪ್ಪತ್ತು ವರ್ಷ ಆಯ್ತು. ಅದು ಕಡಿಮೆ ಅಲ್ವಾ?"

"ಅವಳೇ ಹೇಳಿದ್ದು, ಐನೂರು ಅಂತ."

"ಅವಳು ಆರು ತಿಂಗಳಲ್ಲಿ ಮಹಡಿಗೆ ಬಣ್ಣ ಹೊಡಿ ಅಂತಾನೂ ಹೇಳಿದ್ಲು. ಹೊಡೆದ್ಯಾ?"

ಹೊಡೆದಿಲ್ಲ. ಅವಳು ತಂದಿದ್ದ ಕಡುಬಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದಳು. ಕಡುಬು ಚೆನ್ನಾಗಿತ್ತು.

ಪೊಲೀಸರ ಕಾರ್ಡನ್ನು ದಿನಾ ನೋಡುತ್ತೇನೆ. ಆ ಮುಖಕ್ಕೆ ಇನ್ನೂ ಮೂಗು ನೆಟ್ಟಗಿದೆ.

ಒರೆಸ್ಟ್


ಲಾರ್ಕ್‌ಫೋರ್ಡ್
ಆಗಸ್ಟ್ 11, 2009

ಒರೆಸ್ಟ್,

ನಿಮ್ಮ ಹೆಂಡತಿಯ ಹಾಗೆ ನನ್ನ ನಾಲಿಗೆಯೂ ಹರಿತ. ಅದಕ್ಕೇ ನಮಗೆ ಆಗಿಬರಲಿಲ್ಲ. ಕೇಳಿಸಿಕೊಳ್ಳಿ.

ಒಂದು ಕಾರ್ಡು ಸಿಕ್ಕಿಲ್ಲ ಎಂದು ಬರೆದಿದ್ದೀರಿ. ಹುಡುಕಿದಿರಾ? ಏಪ್ರಿಲಿನಿಂದ ಬರೆದ ಎರಡು ಕಾಗದಗಳಲ್ಲಿ ಅದು ಯಾವ ಕಾರ್ಡು, ಎಲ್ಲಿ ಸಿಗುತ್ತದೆ ಎಂದು ಒಮ್ಮೆಯೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ವರ್ನಾಳಲ್ಲಿ ಇಲ್ಲದ ಒಂದು ಕಾರ್ಡು ಆಲೂಗಡ್ಡೆ ಚಿಪ್ಸ್ ಪೊಟ್ಟಣದಲ್ಲಿ ಬರುತ್ತಿದ್ದುದು. ಅಷ್ಟು ಸಾಧಾರಣ ಕಾರ್ಡು ಬೇರೊಂದಿಲ್ಲ. ಇದು ಯಾವಾಗ ಬೇಕಾದರೂ ಸಿಗುತ್ತದೆ ಎಂದು ಅವಳು ಕೊನೆಗೆ ಬಿಟ್ಟುಕೊಂಡಿರಬೇಕು. ನಾವೆಲ್ಲ ಹಾಗೆ ಒಂದನ್ನು ಬಿಟ್ಟುಕೊಂಡಿರುತ್ತೇವೆ.

ಆ ಚಿಪ್ಸ್ ಕಾರ್ಡು ಈಚೆಗೆ ನನಗೆ ಇನ್ನೊಂದು ಸಿಕ್ಕಿತು. ಲಕೋಟೆಯಲ್ಲಿ ಇಟ್ಟು, ಅಂಟಿಸಿ, ಮತ್ತೆ ಬಿಚ್ಚಿದೆ. ಕಳಿಸುವುದಿಲ್ಲ. ನಾನು ಕಳಿಸಿದರೆ ಅದು ಟಪಾಲಿನಲ್ಲಿ ಹಾಳಾಯಿತು ಎನ್ನುತ್ತೀರಿ, ಮೂಲೆ ಮಡಚಿದೆ ಎನ್ನುತ್ತೀರಿ. ಸೆಪ್ಟೆಂಬರ್ ಕೊನೆಯ ಶನಿವಾರ ಸಾಸ್ಕಟೂನಿನಲ್ಲಿ ಕಾರ್ಡಿನ ಸಂತೆ ಇದೆ. ನೀವೇ ಹೋಗಿ.

ನನ್ನ ಗಂಡ ಬಾಲ್ಡರ್ ಸತ್ತಾಗ ಅವನ ಹಲ್ಲುಜ್ಜುವ ಬ್ರಷ್ ಎರಡು ವರ್ಷ ಲೋಟದಲ್ಲೇ ಇತ್ತು. ಅದನ್ನು ತೆಗೆಯಬೇಡ ಎಂದು ಯಾರೂ ಹೇಳಿರಲಿಲ್ಲ. ಹಾಗಾಗಿ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಆದರೆ ನವೆಂಬರಿಗೆ ನೆಲ ಮತ್ತೆ ಗಟ್ಟಿಯಾಗುತ್ತದೆ. ಇನ್ನೊಂದು ಚಳಿಗಾಲ ಅವಳನ್ನು ಕಪಾಟಿನ ಮೇಲೆ ಇಡಬೇಡಿ.

ಈ ಕಾಗದಕ್ಕೆ ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ರೂನಾ


ಓಸ್ತ್ರೋವ್
ಸೆಪ್ಟೆಂಬರ್ 28, 2009

ರೂನಾ,

ಆಗಸ್ಟಿನಲ್ಲಿ ನಿಮಗೆ ಎರಡು ಕಾಗದ ಬರೆದು ಒಲೆಗೆ ಹಾಕಿದೆ. ಎರಡೂ ಒಳ್ಳೆಯ ಕಾಗದಗಳಾಗಿರಲಿಲ್ಲ.

ಶನಿವಾರ ಸಾಸ್ಕಟೂನಿಗೆ ಹೋದೆ. ದಾರಿಯುದ್ದಕ್ಕೂ ಕೊಯ್ಲು. ಸಂತೆ ಇದ್ದದ್ದು ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಕರ್ಲಿಂಗ್ ಆಡುವ ಕಟ್ಟಡದಲ್ಲಿ, ಮಂಜುಗಡ್ಡೆ ಇನ್ನೂ ಹಾಕಿರಲಿಲ್ಲ. ಸಾಲು ಸಾಲು ಮೇಜು, ಅವುಗಳ ಮೇಲೆ ಉದ್ದುದ್ದ ರಟ್ಟಿನ ಪೆಟ್ಟಿಗೆಗಳು. ದೊಡ್ಡ ಹೆಸರುಗಳೆಲ್ಲ ಗಾಜಿನೊಳಗಿದ್ದವು. ಕೆಂಪು ಟೋಪಿಯ ಒಬ್ಬ ದಪ್ಪ ಮನುಷ್ಯನನ್ನು ಕೇಳಿದೆ.

"ಪ್ರೊಕಾಪ್ ಇದಾನಾ?"

"ಯಾರು?"

"ಲೈಲ್ ಪ್ರೊಕಾಪ್. ಗೋಲ್‌ಕೀಪರ್."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಪ್ಪತ್ತು ವರ್ಷದಿಂದ ಈ ಮೇಜು ಹಾಕ್ತಿದೀನಿ ತಾತ. ಆ ಹೆಸರು ಕೇಳಿದೋರು ಒಬ್ಬರೇ. ಒಬ್ಬ ಹೆಂಗಸು. ಸಣ್ಣಗೆ, ಕನ್ನಡಕ ಹಾಕ್ಕೊಂಡು. ಬಂದ್ರೆ ಬಿರುಗಾಳಿ."

"ನನ್ನ ಹೆಂಡತಿ," ಎಂದೆ.

"ಈ ಸಲ ಬರಲಿಲ್ವಾ?"

"ಇಲ್ಲ."

ಅವನು ಮೇಜಿನ ಕೆಳಗಿನ ಪೆಟ್ಟಿಗೆ ತೋರಿಸಿದ. ನಾನು ಮೊಣಕಾಲೂರಿ ಕುಳಿತು ನೋಡಿದೆ. ಚಿಪ್ಸಿನ ಕಾರ್ಡು ಅಲ್ಲೇ ಇತ್ತು. ಪ್ರೊಕಾಪ್ ನೀರಿನ ಬಾಟಲಿ ಹಿಡಿದು ಯಾರನ್ನೋ ನೋಡಿ ನಗುತ್ತಿದ್ದ. ಇಷ್ಟು ಬೇಗ ಸಿಗುತ್ತದೆ ಎಂದುಕೊಂಡಿರಲಿಲ್ಲ. ಅದನ್ನು ಸ್ವಲ್ಪ ಮೇಲೆತ್ತಿ, ಮತ್ತೆ ಅಲ್ಲೇ ಇಳಿಸಿ, ಎದ್ದು ಹೊರಗೆ ಬಂದು ಗಾಡಿಯಲ್ಲಿ ಕುಳಿತೆ. ಊರಿಗೆ ಹೋಗಿ ಸಿಗಲಿಲ್ಲ ಎಂದರೆ ಯಾರಿಗೆ ಗೊತ್ತಾಗುತ್ತದೆ ಎಂದು ಯೋಚಿಸಿದೆ. ಕೀಲಿಯನ್ನೂ ತಿರುಗಿಸಿದೆ. ನಿಮಗೆ ಗೊತ್ತಾಗುತ್ತದೆ ಅನಿಸಿತು. ವರ್ನಾಗೂ. ಅವಳು ಅದನ್ನು ಕೊನೆಗೆ ಬಿಟ್ಟುಕೊಂಡದ್ದು ಪಡೆದುಕೊಳ್ಳುವುದಕ್ಕೇ ಹೊರತು ಪಡೆಯದಿರುವುದಕ್ಕಲ್ಲ.

ಯಾರಾದರೂ ತೆಗೆದುಕೊಂಡು ಹೋದರೆ ಎಂಬ ಭಯ ಆಗ ಬಂತು. ವಯಸ್ಸು ಮರೆತು ಓಡಿದೆ. ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ಇತ್ತು. ಪ್ರೊಕಾಪನನ್ನು ಯಾರು ತೆಗೆದುಕೊಳ್ಳುತ್ತಾರೆ?

"ಹಾಗೇ ತಗೊಂಡ್ಹೋಗಿ," ಎಂದ ಟೋಪಿಯವನು. "ಅವರಿಗೆ ನಾನು ಕೇಳಿದೆ ಅಂತ ಹೇಳಿ."

ಹೇಳುತ್ತೇನೆ ಎಂದೆ.

ಅಕ್ಟೋಬರ್ ಹತ್ತು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಶನಿವಾರ, ಮಧ್ಯಾಹ್ನ ಎರಡಕ್ಕೆ. ಎಲ್ಫ್ರೀಡಾಗೂ ಪಾದ್ರಿಗಳಿಗೂ ತಿಳಿಸಿ ಆಯಿತು. ದೂರ ಬಹಳ, ಬನ್ನಿ ಎಂದು ಕೇಳುವುದು ಹೇಗೆ ಎಂದು ತಿಳಿಯದು. ಹಾಗಾಗಿ ದಿನವನ್ನು ಮಾತ್ರ ಬರೆದಿದ್ದೇನೆ.

ಒರೆಸ್ಟ್


ಲಾರ್ಕ್‌ಫೋರ್ಡ್
ಅಕ್ಟೋಬರ್ 2, 2009

ಒರೆಸ್ಟ್,

ಶುಕ್ರವಾರ ಸಂಜೆಯ ಬಸ್ಸು. ಎಲ್ಫ್ರೀಡಾ ಅವರ ಮನೆಯಲ್ಲಿ ನನಗೊಂದು ಮಂಚ ಸಿಕ್ಕರೆ ಸಾಕು. ಒಣ ಪ್ಲಮ್ ಹಣ್ಣಿನ ಏಳು ಪದರದ ಕೇಕು ತರುತ್ತೇನೆ. ಏಳು ಇರಬೇಕು, ಐದು ಪದರದ್ದು ಮಾಡುವವರ ಜೊತೆ ನಾನು ಮಾತಾಡುವುದಿಲ್ಲ.

ರೂನಾ


ಓಸ್ತ್ರೋವ್
ಅಕ್ಟೋಬರ್ 19, 2009

ರೂನಾ,

ನೀವು ಕ್ಷೇಮವಾಗಿ ತಲುಪಿದ್ದು ಎಲ್ಫ್ರೀಡಾ ಹೇಳಿದಳು. ನೀವಿಬ್ಬರೂ ಫೋನಿನಲ್ಲಿ ಒಂದು ಗಂಟೆ ಮಾತಾಡುತ್ತೀರಂತೆ. ನನ್ನ ವಿಷಯ ಆಡಿಕೊಳ್ಳುತ್ತೀರಿ ಎಂದು ಗೊತ್ತು. ಮಹಡಿಗೆ ಬಣ್ಣ ಹೊಡೆಯುತ್ತಿದ್ದೇನೆ, ಅದನ್ನೂ ಸೇರಿಸಿಕೊಳ್ಳಿ.

ಸಮಾಧಿಯ ಬಳಿ ನೀವು ಅವಳಿಗೆ ಏನೋ ಮೆಲ್ಲಗೆ ಹೇಳಿದಿರಿ. ಗಾಳಿಯಲ್ಲಿ ನನಗೆ ಕೇಳಿಸಲಿಲ್ಲ. ಕೇಳುವುದೂ ಇಲ್ಲ.

ಆಮೇಲೆ ಸಭಾಂಗಣದಲ್ಲಿ ಊಟದ ಹೊತ್ತಿಗೆ ಆ ಕಾರ್ಡನ್ನು ವರ್ನಾಳ ಕಾರ್ಡಿನ ಪುಸ್ತಕದಲ್ಲಿ ಹಾಕಬೇಕೆಂದು ಎಲ್ಲರೂ ಸುತ್ತ ನಿಂತರು. ನಾನು ಅದನ್ನು ಎಲ್ಫ್ರೀಡಾಳ ಕೈಗೆ ಕೊಟ್ಟೆ. ಅವಳು ಅದನ್ನು ಒಳಗೆ ಸರಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಲಾರೆನ್ಸ್ ಬಗ್ಗಿ ನೋಡಿ, "ಅಯ್ಯೋ, ಹಾಳೆ ಇನ್ನೂ ತುಂಬಲಿಲ್ವಲ್ಲೋ," ಎಂದ. ಹೌದು, ಒಂದು ಹಾಳೆಗೆ ಒಂಬತ್ತು ಜೇಬು, ಕೊನೆಯ ಹಾಳೆಯಲ್ಲಿ ನಾಲ್ಕು ಖಾಲಿ. ಎಲ್ಲರೂ ನಕ್ಕರು, ನೀವು ನಗಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದಿರಿ.

ನೀವು ಹೋದ ಮೇಲೆ ಆದದ್ದನ್ನು ಹೇಳಲು ಬರೆಯುತ್ತಿದ್ದೇನೆ. ಮಂಗಳವಾರ ಬೆಳಿಗ್ಗೆ ಎಂದಿನಂತೆ ಟಪಾಲು ಕಚೇರಿಗೆ ಹೋದೆ. ಕಿಟಕಿಯಲ್ಲಿರುವ ಹೆಂಗಸು, "ಇವತ್ತು ಏನೂ ಇಲ್ಲ ಒರೆಸ್ಟ್. ಏನಾದ್ರೂ ಬರೋದಿತ್ತಾ?" ಎಂದಳು.

"ಇಲ್ಲ," ಎಂದೆ.

ನಿಜವಾಗಿಯೂ ಏನೂ ಬರುವುದಿರಲಿಲ್ಲ. ಹುಡುಕುವುದಿರಲಿಲ್ಲ, ಕೊಡುವುದಿರಲಿಲ್ಲ, ಎಣಿಸುವುದಿರಲಿಲ್ಲ. ಗಾಡಿಗೆ ಹೋಗಿ ಕುಳಿತೆ. ರೂನಾ, ನವೆಂಬರಿನಿಂದ ನಾನು ಅತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಇಲ್ಲ, ಚರ್ಚಿನಲ್ಲಿ ಇಲ್ಲ, ಶನಿವಾರ ಮಣ್ಣು ಹಾಕುವಾಗಲೂ ಇಲ್ಲ. ಅಲ್ಲಿ, ಟಪಾಲು ಕಚೇರಿಯ ಎದುರಿಗೆ, ಜನ ಓಡಾಡುವ ಬೀದಿಯಲ್ಲಿ, ಕಿಟಕಿಯ ಗಾಜು ಪೂರ್ತಿ ಮಂಜಾಗುವವರೆಗೆ ಅತ್ತೆ. ಕ್ಲಾರೆನ್ಸ್ ಬಂದು ಗಾಜು ತಟ್ಟಿದ, ಒಳಗೆ ನೋಡಿದ, ಪಕ್ಕದ ಬಾಗಿಲು ತೆಗೆದು ಹತ್ತಿ ಕುಳಿತ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ.

ನಿನ್ನೆ ರಾತ್ರಿ ಮೊದಲ ಹಿಮ ಬಿತ್ತು. ಬೆಳಿಗ್ಗೆ ಸಮಾಧಿಯ ಬಳಿ ಹೋಗಿ ನೋಡಿದೆ. ತಾಯಿ ಮಗಳು ಇಬ್ಬರ ಮೇಲೂ ಒಂದೇ ಸಮನಾಗಿ ಬಿದ್ದಿದೆ, ಯಾವುದು ಹೊಸ ಮಣ್ಣು, ಯಾವುದು ಹಳೆಯದು ಎಂದು ತಿಳಿಯುವುದಿಲ್ಲ.

ಕಾರ್ಡಿನ ಕೆಲಸವಿಲ್ಲದೆಯೂ ನಿಮಗೆ ಬರೆಯಬಹುದೇ ಎಂದು ಕೇಳಬೇಕೆಂದಿದ್ದೆ. ಇಷ್ಟು ಬರೆದ ಮೇಲೆ ಕೇಳುವುದೇನು.

ನಿಮ್ಮ,
ಒರೆಸ್ಟ್